ಸೈನಿಕನ ಹಕ್ಕಿಗೆ ದಾನದ ಕೊಳಗ

ಡಿಸೆಂಬರ್ 7ನೆಯ ತಾರೀಖು ಹತ್ತಿರವಾಯಿತೆಂದರೆ ಶಾಲೆಗಳಿಗೂ ಕಚೇರಿಗಳಿಗೂ ಕಾಗದದ ಪುಟ್ಟ ಧ್ವಜಗಳು ಕಟ್ಟುಕಟ್ಟಾಗಿ ಬರುತ್ತವೆ. ಮಕ್ಕಳು ಮನೆಯಿಂದ ಚಿಲ್ಲರೆ ತಂದು ಡಬ್ಬಿಗೆ ಹಾಕಿ, ಧ್ವಜವನ್ನು ಎದೆಗೆ ಚುಚ್ಚಿಕೊಂಡು ಹೆಮ್ಮೆಯಿಂದ ಓಡಾಡುತ್ತಾರೆ. ಕೂಲಿಯವನ ಮಗಳು ತಂದ ಹತ್ತು ರೂಪಾಯಿಯಲ್ಲಿ ಕಪಟವಿಲ್ಲ. ಅದಕ್ಕೆ ಕೈಮುಗಿಯೋಣ. ಆದರೆ ಅದೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಇನ್ನೊಂದು ಚಿತ್ರವೂ ಅಚ್ಚಾಗುತ್ತದೆ. ಬಾಗಿಲಿನಷ್ಟು ಅಗಲದ ಚೆಕ್ಕು. ಅದರ ಒಂದು ತುದಿ ಹಿಡಿದ ಕಂಪೆನಿಯ ನಿರ್ದೇಶಕರು. ಇನ್ನೊಂದು ತುದಿ ಹಿಡಿದ ದೊಡ್ಡ ಅಧಿಕಾರಿ. ನಡುವೆ ಪದಕಗಳನ್ನು ತೊಟ್ಟು, ಎತ್ತ ನೋಡಬೇಕೆಂದು ತಿಳಿಯದೆ ನಿಂತ ಮುದುಕ ಸುಬೇದಾರ. ಚಿತ್ರದ ಕೆಳಗೆ ಕಂಪೆನಿಯ ಹೆಸರಿರುತ್ತದೆ, ಅಧಿಕಾರಿಯ ಹೆಸರಿರುತ್ತದೆ, ಸುಬೇದಾರನ ಹೆಸರಿರುವುದಿಲ್ಲ.

ಈ ಚಿತ್ರವನ್ನು ಕುರಿತು ನಾಲ್ಕು ಮಾತು ಆಡಬೇಕಾಗಿದೆ. ವಾಚಕರು ಒಂದೇ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಪ್ರಾರ್ಥನೆ: ಆ ಮೂವರಲ್ಲಿ ಸಾಲಗಾರ ಯಾರು, ಸಾಲ ಬರಬೇಕಾದವನು ಯಾರು?

ಸೈನಿಕನು ಗಡಿಯಲ್ಲಿ ಹಿಮದಲ್ಲಿ ನಿಂತಿದ್ದಾಗ ಕಂಪೆನಿಯ ಗಿರಣಿ ನಡೆದಿತ್ತು, ಲಾರಿ ಓಡಿತ್ತು, ಷೇರಿನ ಬೆಲೆ ಏರಿತ್ತು. ಕಾಲು ಕಳೆದುಕೊಂಡವನು ಸೈನಿಕ. ಹಾಗಾದ ಮೇಲೆ ಸಾಲ ಬರಬೇಕಾದವನು ಅವನೇ. ಆದರೆ ಚಿತ್ರದಲ್ಲಿ ಅವನು ಕೈಚಾಚಿ ನಿಂತಿದ್ದಾನೆ, ಸಾಲಗಾರನು ಧರ್ಮರಾಯನಂತೆ ನಗುತ್ತಿದ್ದಾನೆ! ಲೆಕ್ಕದ ಪುಸ್ತಕವನ್ನು ತಲೆಕೆಳಗೆ ಹಿಡಿದು ಓದುವ ಈ ವಿದ್ಯೆಯನ್ನು ನಮಗೆ ಕಲಿಸಿದವರು ಯಾರು?

ಇದರ ತೌರುಮನೆ ಇಂಗ್ಲೆಂಡ್. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1921ರಲ್ಲಿ, ಅಲ್ಲಿ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಹುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಕೆಂಪು ಗಸಗಸೆ ಹೂವನ್ನು ಬೀದಿಯಲ್ಲಿ ಮಾರಿ, ಅಂಗವಿಕಲ ಸೈನಿಕರಿಗಾಗಿ ಹಣ ಕೂಡಿಸುವ ಪದ್ಧತಿ ಆರಂಭವಾಯಿತು. ಸಂಸ್ಥೆಯ ಮುಂದಾಳು ಫೀಲ್ಡ್ ಮಾರ್ಷಲ್ ಡಗ್ಲಸ್ ಹೇಗ್. ಯಾವ ಹೇಗ್? 1916ರ ಜುಲೈ 1ರಂದು ಸೊಮ್ಮ್ ನದಿಯ ಕಾಳಗದಲ್ಲಿ ಒಂದೇ ಹಗಲಿನಲ್ಲಿ 19,240 ಬ್ರಿಟಿಷ್ ಸೈನಿಕರು ಸತ್ತಾಗ ಆ ಸೈನ್ಯದ ದಂಡನಾಯಕನಾಗಿದ್ದ ಹೇಗ್. ಯುದ್ಧ ಮುಗಿದಾಗ ಪಾರ್ಲಿಮೆಂಟು ಆತನಿಗೆ ಅರ್ಲ್ ಪದವಿಯನ್ನೂ 1,00,000 ಪೌಂಡುಗಳನ್ನೂ ಕೊಟ್ಟಿತು. ಅದೇ 1919ರಲ್ಲಿ, ಪೂರ್ಣವಾಗಿ ಅಂಗವಿಕಲನಾದ ಸಾಮಾನ್ಯ ಸಿಪಾಯಿಗೆ ಗೊತ್ತುಮಾಡಿದ ಪಿಂಚಣಿ ವಾರಕ್ಕೆ 40 ಷಿಲ್ಲಿಂಗು.

ಒಂದು ಸಣ್ಣ ಲೆಕ್ಕ ಮಾಡೋಣ. ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ. 20 ಷಿಲ್ಲಿಂಗಿಗೆ ಒಂದು ಪೌಂಡು. ಆದ್ದರಿಂದ 40 ಷಿಲ್ಲಿಂಗೆಂದರೆ ವಾರಕ್ಕೆ ಎರಡು ಪೌಂಡು. ದಂಡನಾಯಕನಿಗೆ ಒಂದೇ ಗಂಟಿನಲ್ಲಿ ಸಿಕ್ಕಿದ್ದನ್ನು ಎರಡೂ ಕಾಲಿಲ್ಲದ ಸಿಪಾಯಿ ಪಡೆಯಬೇಕಾದರೆ 50,000 ವಾರ ಬದುಕಿರಬೇಕು. ಅಂದರೆ 961 ವರ್ಷ! ಇಷ್ಟು ಅಂತರವನ್ನು ಬೊಕ್ಕಸವೇ ನಿರ್ಮಿಸಿತು. ಆಮೇಲೆ ಆ ಅಂತರವನ್ನು ಕಾಗದದ ಹೂವಿನಿಂದ ಮುಚ್ಚಿರೆಂದು ಬಡವರಿಗೆ ಹೇಳಿತು. ಆ ಹೂವಿನ ಕಪ್ಪು ನಡುವಿನ ಮೇಲೆ 'ಹೇಗ್ ನಿಧಿ' ಎಂದು ಅಚ್ಚಾಗಿರುತ್ತಿತ್ತು. 1994ರವರೆಗೂ ಅದು ಹಾಗೆಯೇ ಇತ್ತು.

ಇದರಲ್ಲಿ ನಮ್ಮವರ ರಕ್ತವೂ ಇದೆ. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹೋದರು. 74,000ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಸವಾರರಿದ್ದರು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶದಲ್ಲಿಯೂ ನವೆಂಬರ್ 11ರಂದು ಆ ಕೆಂಪು ಹೂವು ಮಾರಾಟವಾಗುತ್ತಿತ್ತು. ಕೂಡಿದ ಹಣ ಯಾರಿಗೆ ಹೋಗಬೇಕೆಂಬುದು ಬಿಳಿಯ ಅಧಿಕಾರಿಗಳ ಇಚ್ಛೆಗೆ ಬಿಟ್ಟದ್ದು. ಸ್ವತಂತ್ರ ಭಾರತವು 1949ರಲ್ಲಿ ಆ ಹೂವನ್ನು ಬಿಟ್ಟು ಡಿಸೆಂಬರ್ 7ನ್ನು ಧ್ವಜ ದಿನವನ್ನಾಗಿ ಮಾಡಿಕೊಂಡಿತು. ಹೂವು ಹೋಯಿತು, ಧ್ವಜ ಬಂತು. ಡಬ್ಬಿ ಮಾತ್ರ ಅದೇ ಉಳಿಯಿತು.

ಈಗ ಆ ತೌರುಮನೆಯಲ್ಲಿ ಕಂಪೆನಿಗಳು ಹೇಗೆ ಒಳಹೊಕ್ಕವೆಂಬುದನ್ನು ನೋಡಬೇಕು. ಶಸ್ತ್ರ ತಯಾರಿಸುವ ಕಂಪೆನಿಗೆ ಸ್ವದೇಶ, ಶತ್ರು ಎಂಬ ಭೇದವಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪೆನಿಯು ಜರ್ಮನಿಯ ಕ್ರುಪ್ ಕಂಪೆನಿಯ ಹಕ್ಕಿದ್ದ ವಿನ್ಯಾಸದ ಫ್ಯೂಜನ್ನು ತನ್ನ ಫಿರಂಗಿ ಗುಂಡುಗಳಿಗೆ ಬಳಸಿತು. ಯುದ್ಧ ಮುಗಿದ ಮೇಲೆ ಕ್ರುಪ್ ಕಂಪೆನಿ ಮಾಡಿದ್ದೇನು? ಆ ಗುಂಡುಗಳಿಂದ ಸತ್ತ ಜರ್ಮನ್ ಹುಡುಗರಿಗಾಗಿ ಅತ್ತಿತೇ? ಬಳಸಿದ ಫ್ಯೂಜುಗಳ ರಾಯಧನ ಕೊಡಿರೆಂದು ವಿಕರ್ಸ್ ಮೇಲೆ ದಾವೆ ಹೂಡಿತು! 1926ರಲ್ಲಿ 40,000 ಪೌಂಡಿಗೆ ರಾಜಿಯಾಯಿತು. ಎರಡೂ ಕಡೆಯ ತಾಯಂದಿರು ಮಕ್ಕಳನ್ನು ಹೂತರು; ಎರಡೂ ಕಡೆಯ ಕಂಪೆನಿಗಳು ಲೆಕ್ಕ ಚುಕ್ತಾ ಮಾಡಿಕೊಂಡವು.

ವಿಕರ್ಸಿನ ಹಡಗುಕಟ್ಟೆಯೂ ಅದರ ವಿಮಾನದ ಕಾರ್ಖಾನೆಗಳೂ ಕೈಯಿಂದ ಕೈಗೆ ಸಾಗಿ ಇಂದು ಬಿಎಇ ಸಿಸ್ಟಮ್ಸ್ ಎಂಬ ಮಹಾ ಕಂಪೆನಿಯ ಪಾಲಾಗಿವೆ. 2023ರಲ್ಲಿ ಅದರ ಆದಾಯ 2,300 ಕೋಟಿ ಪೌಂಡಿಗೂ ಮಿಕ್ಕಿತ್ತು. 2015ರ ಮಾರ್ಚಿನಿಂದ ಸೌದಿ ಅರೇಬಿಯಾದ ಕೂಟವು ಯೆಮನ್ ದೇಶದ ಮೇಲೆ ಬಾಂಬು ಸುರಿಸಿದಾಗ ಹಾರಿದ ಟೈಫೂನ್ ವಿಮಾನಗಳು ಈ ಕಂಪೆನಿ ಪೂರೈಸಿದವು. ಯೆಮನ್ನಿಗೆ ಬಳಕೆಯಾಗಬಹುದಾದ ಶಸ್ತ್ರಗಳ ಮಾರಾಟಕ್ಕೆ ಸರ್ಕಾರವು ಪರವಾನಗಿ ಕೊಟ್ಟ ಕ್ರಮ ಕಾನೂನಿಗೆ ವಿರುದ್ಧವೆಂದು 2019ರ ಜೂನಿನಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯವೇ ಹೇಳಿತು. ಮರುವರ್ಷ ಪರವಾನಗಿಗಳು ಮತ್ತೆ ಆರಂಭವಾದವು. ಇಂಥ ಬಿಎಇ ಕಂಪೆನಿಯು ಲೀಜನ್ನಿಗೆ ನೆರವು ನೀಡುವ ಜೊತೆಗಾರ! ಟ್ರೈಡೆಂಟ್ ಅಣ್ವಸ್ತ್ರ ಕ್ಷಿಪಣಿಗಳನ್ನು ಮಾಡುವ ಲಾಕ್‌ಹೀಡ್ ಮಾರ್ಟಿನ್ ಕಂಪೆನಿಯ ಬ್ರಿಟಿಷ್ ಶಾಖೆಯು 2014ರಲ್ಲಿ ಲೀಜನ್ನಿನ ತರುಣ ವೃಂದದ ನೃತ್ಯಕೂಟಕ್ಕೆ ಹಣ ಕೊಟ್ಟಿತು. ಕುಂಟನನ್ನು ಸೃಷ್ಟಿಸುವ ಕಾರ್ಖಾನೆಯೇ ಊರುಗೋಲನ್ನೂ ದಾನ ಮಾಡುತ್ತದೆ. ಕಾರ್ಖಾನೆಯ ಲಾಭ ಕೋಟಿಯಲ್ಲಿ. ಊರುಗೋಲಿನ ಬೆಲೆ ಬಿಡಿಕಾಸಿನಲ್ಲಿ.

ಹೀಗೆ ಕೊಡುವುದರಿಂದ ಕಂಪೆನಿಗೇನು ಲಾಭವೆಂದು ಕೇಳುವವರು 2012ನ್ನು ನೆನೆಯಬೇಕು. ಆ ವರ್ಷ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯ ವರದಿಗಾರರು ಶಸ್ತ್ರ ವ್ಯಾಪಾರಿಗಳ ವೇಷ ಹಾಕಿ ನಿವೃತ್ತ ಸೇನಾಧಿಕಾರಿಗಳನ್ನು ಭೇಟಿಯಾದರು. ಲೀಜನ್ನಿನ ಅಧ್ಯಕ್ಷರಾಗಿದ್ದ ನಿವೃತ್ತ ಲೆಫ್ಟಿನೆಂಟ್ ಜನರಲ್ ಒಬ್ಬರು, ಹುತಾತ್ಮರ ಸ್ಮರಣೆಯ ಸಮಾರಂಭಗಳು ದೊಡ್ಡವರ ಪರಿಚಯ ಬೆಳೆಸಲು ಒಳ್ಳೆಯ ಸಂದರ್ಭವೆಂಬ ಅರ್ಥದ ಮಾತನ್ನಾಡಿ ಸಿಕ್ಕಿಬಿದ್ದರು. ತಾವು ತಪ್ಪು ಮಾಡಿಲ್ಲ, ಬರಿಯ ಮೂರ್ಖತನದ ಉತ್ಪ್ರೇಕ್ಷೆ ಮಾಡಿದೆವೆಂದು ಹೇಳಿ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಅವರ ಮಾತನ್ನು ನಂಬೋಣ. ಒಬ್ಬ ವ್ಯಕ್ತಿಯ ದೋಷ ನಮಗೆ ಮುಖ್ಯವಲ್ಲ. ಸತ್ತವರ ಸ್ಮಾರಕದ ಮುಂದೆ ಮಂತ್ರಿ, ಜನರಲ್, ಕಂಪೆನಿಯ ಯಜಮಾನ ಮೂವರೂ ಒಂದೇ ಸಾಲಿನಲ್ಲಿ ತಲೆಬಾಗಿ ನಿಲ್ಲುವ ಏರ್ಪಾಡು ಇರುವವರೆಗೆ, ತಲೆಯೆತ್ತಿದ ಮೇಲೆ ಅವರು ಏನು ಮಾತನಾಡಿಕೊಳ್ಳುತ್ತಾರೆಂದು ಜನ ಕೇಳಿಯೇ ಕೇಳುತ್ತಾರೆ.

ಆ ದೇಶದ ದುಡಿಯುವ ಹೆಂಗಸರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. 1933ರಲ್ಲಿ ಅಲ್ಲಿಯ ಸಹಕಾರಿ ಮಹಿಳಾ ಸಂಘದವರು ಬಿಳಿಯ ಗಸಗಸೆ ಹೂವನ್ನು ಹೊರತಂದರು. ಸತ್ತವರನ್ನು ನೆನೆಯುತ್ತೇವೆ, ಮುಂದಿನ ಯುದ್ಧಕ್ಕೆ ಮಕ್ಕಳನ್ನು ಕೊಡುವುದಿಲ್ಲ ಎಂಬುದು ಅದರ ಅರ್ಥ. ಆ ಹೂವಿಗೆ ನೆರವು ನೀಡಲು ಯಾವ ಫಿರಂಗಿ ಕಂಪೆನಿಯೂ ಮುಂದೆ ಬರಲಾರದು!

ಇಲ್ಲಿ ಕೆಲವು ಸಜ್ಜನರು ತಡೆದು ಕೇಳಬಹುದು: "ಕೊಡುವವನ ಕೈಯನ್ನು ಏಕೆ ಹಿಡಿಯುತ್ತೀರಿ ಸ್ವಾಮಿ? ಹಣ ಯಾರದಾದರೇನು, ಬಡ ಸೈನಿಕನ ಹೊಟ್ಟೆಗೆ ಸೇರಿದರಾಯಿತು." ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ ಲೀಜನ್ ಸಾವಿರಾರು ಮನೆಗಳಿಗೆ ನೆರವಾಗಿದೆ. ನಮ್ಮ ಧ್ವಜ ದಿನದ ನಿಧಿಯಿಂದಲೂ ಅನೇಕ ವಿಧವೆಯರ ಮಕ್ಕಳು ಓದಿದ್ದಾರೆ. ಹಸಿದವನ ತಟ್ಟೆಯನ್ನು ಕಸಿಯಿರೆಂದು ಸಮಾಜವಾದಿಗಳು ಹೇಳುವುದಿಲ್ಲ. ನಮ್ಮ ತಕರಾರು ಬೇರೆ. ದಾನ ಎಂಬುದು ಕೊಡುವವನ ಇಚ್ಛೆ. ಈ ವರ್ಷ ಕೊಟ್ಟಾನು, ಬರುವ ವರ್ಷ ಬಿಟ್ಟಾನು; ಛಾಯಾಚಿತ್ರ ಚೆನ್ನಾಗಿ ಬರುವವನಿಗೆ ಕೊಟ್ಟಾನು, ಮನಸ್ಸು ಕೆಟ್ಟು ಕುಡಿತಕ್ಕೆ ಬಿದ್ದವನಿಗೆ ಬಿಟ್ಟಾನು. ಹಕ್ಕಿಗೆ ಚಿತ್ರ ಬೇಕಿಲ್ಲ, ಕೃತಜ್ಞತೆ ಬೇಕಿಲ್ಲ. ತಪ್ಪಿದರೆ ಕೋರ್ಟಿಗೆ ಎಳೆಯಬಹುದು. ದಾನ ತಪ್ಪಿದರೆ ಯಾರನ್ನು ಎಳೆಯುತ್ತೀರಿ? ಎಲ್ಲಕ್ಕಿಂತ ಮುಖ್ಯವಾಗಿ, ದಾನದ ಡಬ್ಬಿ ತುಂಬಿದಷ್ಟೂ ಬೊಕ್ಕಸದ ಬಾಗಿಲು ಮುಚ್ಚುತ್ತದೆ. ನಮ್ಮ ದೇಶದಲ್ಲಿ ನಡೆದಿರುವುದೂ ಇದೇ.

ನೋಡಿ. ಹದಿನೈದು ವರ್ಷದ ಸೇವೆ ತುಂಬದೆ ಮನೆಗೆ ಬಂದ ಜವಾನನಿಗೆ ಸೇವಾ ಪಿಂಚಣಿಯಿಲ್ಲ. ಅಂಥವನು 65 ವರ್ಷ ದಾಟಿ, ದಿಕ್ಕಿಲ್ಲದವನಾದರೆ ಕಡುಬಡತನದ ಸಹಾಯಧನವೆಂದು ತಿಂಗಳಿಗೆ ಒಂದಿಷ್ಟು ಸಿಗುತ್ತದೆ. ಅವನ ವಿಧವೆಗೂ ಸಿಗುತ್ತದೆ. 4,000 ರೂಪಾಯಿಯಿದ್ದ ಅದನ್ನು 2025ರ ನವೆಂಬರ್ 1ರಿಂದ 8,000ಕ್ಕೆ ಏರಿಸಿದ್ದಾರೆ. ಏರಿಸಿದ್ದು ಸಂತೋಷ. ಆದರೆ ಆ ಹಣ ಬರುವುದೆಲ್ಲಿಂದ? ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯ ಒಂದು ಭಾಗದಿಂದ! ದೇಶಕ್ಕಾಗಿ ಬಂದೂಕು ಹಿಡಿದವನ ಮುಪ್ಪಿನ ಅನ್ನ ಬಜೆಟ್ಟಿನ ಹೊಣೆಯಲ್ಲ, ಡಬ್ಬಿಯ ಹೊಣೆ. ಶಾಲೆಯ ಮಕ್ಕಳ ಚಿಲ್ಲರೆ ಮತ್ತು ಕಂಪೆನಿಯ ಚೆಕ್ಕು ಅದನ್ನು ನೋಡಿಕೊಳ್ಳಬೇಕು.

ಇನ್ನು ಆ ಚೆಕ್ಕಿನ ಮೂಲ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚುಮಾಡಬೇಕು. ಇದಕ್ಕೆ ಸಿಎಸ್‌ಆರ್ ಎಂದು ಹೆಸರು. ಯಾವ ಕೆಲಸಗಳೆಂದು ಹೇಳುವ ಏಳನೆಯ ಷೆಡ್ಯೂಲಿನಲ್ಲಿ ಮಾಜಿ ಸೈನಿಕರ ಮತ್ತು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರ ಕಲ್ಯಾಣವೂ ಒಂದು ಬಾಬ್ತು. ಅಂದಮೇಲೆ ಆ ದೊಡ್ಡ ಚೆಕ್ಕು ಔದಾರ್ಯವೆಂದು ಹೇಗೆ ಕರೆಯುವುದು? ಕಾನೂನು ಹೇಳಿದ ಎರಡು ರೂಪಾಯಿಯನ್ನು, ಶಾಲೆ, ಆಸ್ಪತ್ರೆ, ಗಿಡ, ಕ್ರೀಡೆ ಎಂದು ಹಂಚಿ ಉಳಿದ ಪುಡಿಗಾಸನ್ನು ಕೊಟ್ಟು, ನೂರು ರೂಪಾಯಿಯ ದೇಶಭಕ್ತಿಯ ಜಾಹೀರಾತು ಪಡೆಯುತ್ತಾರೆ. ನಮ್ಮ ಸಂತೆಯ ಯಾವ ವರ್ತಕನೂ ಇಷ್ಟು ಲಾಭದ ವ್ಯಾಪಾರ ಮಾಡಿಲ್ಲ.

ಎಡಗೈಯಿಂದ ಎರಡು ಕೊಟ್ಟವರು ಬಲಗೈಯಿಂದ ಎಷ್ಟು ತೆಗೆದುಕೊಂಡರು? 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರವು ಕಂಪೆನಿಗಳ ಆದಾಯ ತೆರಿಗೆಯ ಮೂಲ ದರವನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಇದನ್ನು ಪಡೆಯಲು ಯಾವ ಉದ್ಯಮಪತಿಯೂ ಉಪವಾಸ ಕೂರಲಿಲ್ಲ. ಆದರೆ ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಕೊಡಿರೆಂದು, 1973ರಿಂದ ಕಳೆದುಕೊಂಡದ್ದನ್ನು ಕೇಳಲು, ನಮ್ಮ ಮಾಜಿ ಸೈನಿಕರು 2015ರ ಜೂನಿನಿಂದ ದೆಹಲಿಯ ಜಂತರ್ ಮಂತರಿನಲ್ಲಿ ಬಿಸಿಲಲ್ಲಿ ಕೂರಬೇಕಾಯಿತು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನ, ಆ ಮುದುಕರನ್ನು ಎಬ್ಬಿಸಲು ಪೊಲೀಸರು ನುಗ್ಗಿದರು. ಪದಕ ತೊಟ್ಟ ಎದೆಗಳ ಮೇಲೆ ಪೊಲೀಸರ ಕೈ ಬಿದ್ದುದನ್ನು ದೇಶವೆಲ್ಲ ನೋಡಿತು. ಕೊನೆಗೆ ಸೆಪ್ಟೆಂಬರ್ 5ರಂದು ಸರ್ಕಾರ ಒಪ್ಪಿದಾಗ ಹೇಳಿದ ವರ್ಷದ ಖರ್ಚು 8,000ದಿಂದ 10,000 ಕೋಟಿ. ಅದಕ್ಕೂ ಹಲವು ಷರತ್ತು, ಹಲವು ವರ್ಷಗಳ ಕೋರ್ಟು ಅಲೆದಾಟ. 1,45,000 ಕೋಟಿಯನ್ನು 10,000 ಕೋಟಿಯಿಂದ ಭಾಗಿಸಿರಿ: ಹದಿನಾಲ್ಕೂವರೆ. ಉದ್ಯಮಪತಿಗಳಿಗೆ ಒಂದು ಸಂಜೆಯಲ್ಲಿ ಬಿಟ್ಟುಕೊಟ್ಟ ಒಂದು ವರ್ಷದ ತೆರಿಗೆಯು ಸೈನಿಕರು ಬೀದಿಯಲ್ಲಿ ಬೇಡಿದ ಹದಿನಾಲ್ಕು ವರ್ಷದ ಪಿಂಚಣಿಗಿಂತ ಹೆಚ್ಚು!

ಇಷ್ಟಕ್ಕೇ ಮುಗಿಯಲಿಲ್ಲ. 2022ರ ಜೂನ್ 14ರಂದು ಅಗ್ನಿಪಥ ಬಂತು. ನಾಲ್ಕು ವರ್ಷದ ಸೈನ್ಯ. ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಯುವ ಅವಕಾಶ, ಮೂವರು ಮನೆಗೆ. ಪಿಂಚಣಿಯಿಲ್ಲ, ಗ್ರಾಚುಯಿಟಿಯಿಲ್ಲ. ಕೈಗೆ 11.71 ಲಕ್ಷದ ಗಂಟು ಕೊಡುತ್ತೇವೆಂದು ಡಂಗುರ ಹೊಡೆಯುತ್ತಾರೆ. ಆ ಗಂಟನ್ನು ಬಿಚ್ಚಿ ನೋಡೋಣ. ಹುಡುಗನ ತಿಂಗಳ ಸಂಬಳದಿಂದ ಮೊದಲ ವರ್ಷ 9,000, ಎರಡನೆಯ ವರ್ಷ 9,900, ಮೂರನೆಯ ವರ್ಷ 10,950, ನಾಲ್ಕನೆಯ ವರ್ಷ 12,000 ರೂಪಾಯಿ ಮುರಿದುಕೊಳ್ಳುತ್ತಾರೆ. ಕೂಡಿಸಿ ಹನ್ನೆರಡರಿಂದ ಗುಣಿಸಿದರೆ 5,02,200. ಸರ್ಕಾರ ಅಷ್ಟೇ ಸೇರಿಸಿ ಬಡ್ಡಿ ಕೂಡಿಸುತ್ತದೆ. ಎಂದರೆ ಗಂಟಿನ ಅರ್ಧ ಅವನದೇ ಬೆವರು! ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆಯೂ ಪರಿಹಾರವೂ ಇದೆ, ನಿಜ. ತಾಯಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಇಲ್ಲ. ಅಷ್ಟೇ ಅಲ್ಲ, ಮನೆಗೆ ಬಂದ ಈ ಮೂವರಿಗೆ ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. ಮೇಲೆ ಹೇಳಿದ ಕಡುಬಡತನದ ಸಹಾಯಧನ ಇರುವುದು ಮಾಜಿ ಸೈನಿಕರಿಗೆ. ಹಿಂದಿನವರಿಗೆ ಹಕ್ಕು ತಪ್ಪಿದಾಗ ಡಬ್ಬಿಯಾದರೂ ಇತ್ತು. ಇವರಿಗೆ ಆ ಡಬ್ಬಿಯೂ ಇಲ್ಲ. 2022-23ರ ಚಳಿಗಾಲದಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026-27ರ ಚಳಿಗಾಲಕ್ಕೆ ತುಂಬುತ್ತದೆ.

ಆಗ ಕಂಪೆನಿಗಳು ಇವರನ್ನು ಅಪ್ಪಿಕೊಳ್ಳುತ್ತವೆಯಂತೆ. ಹುಡುಗರು ಬೀದಿಗಿಳಿದಿದ್ದ ಅದೇ ಜೂನಿನಲ್ಲಿ ಮಹೀಂದ್ರಾ ಸಂಸ್ಥೆಯ ಮುಖ್ಯಸ್ಥರು ಅಗ್ನಿವೀರರಿಗೆ ತಮ್ಮಲ್ಲಿ ಕೆಲಸದ ಸ್ವಾಗತವಿದೆಯೆಂದು ಸಾರಿದರು. ಆಗ ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ಅರುಣ್ ಪ್ರಕಾಶರು ಕೇಳಿದ ಪ್ರಶ್ನೆ ಸರಳ: ಪ್ರತಿವರ್ಷ ಸಾವಿರಾರು ಶಿಸ್ತಿನ, ನುರಿತ ಯೋಧರು ನಿವೃತ್ತರಾಗುತ್ತಿದ್ದಾರಲ್ಲ, ಅವರಿಗೆ ಇದುವರೆಗೆ ಕೆಲಸ ಕೊಟ್ಟಿದ್ದೀರಾ? ಉತ್ತರ ನಮ್ಮ ಪಟ್ಟಣದಲ್ಲಿಯೇ ಇದೆ. ಬ್ಯಾಂಕಿನ ಬಾಗಿಲಲ್ಲಿ, ಮಾಲಿನ ಗೇಟಿನಲ್ಲಿ, ಹನ್ನೆರಡು ಗಂಟೆ ನಿಂತು, ಕಾರು ಬಂದಾಗಲೆಲ್ಲ ಸೆಲ್ಯೂಟು ಹೊಡೆಯುವವನ ಊರು, ರೆಜಿಮೆಂಟು ಕೇಳಿ ನೋಡಿ. ದೇಶದ ಧ್ವಜಕ್ಕೆ ಎತ್ತಿದ ಕೈಯನ್ನು ಶೆಟ್ಟರ ಕಾರಿಗೆ ಎತ್ತಿಸುವುದಕ್ಕೆ ಪುನರ್ವಸತಿ ಎಂದು ಹೆಸರು!

ನಮ್ಮ ನಾಡಿನ ಸಮಾಜವಾದಿ ಚಳವಳಿ ಹುಟ್ಟಿದ್ದೇ ಅಳತೆಯ ಜಗಳದಿಂದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಒಡೆಯರ ಕೊಳಗದ ವಿರುದ್ಧ. ಗೇಣಿ ಅಳೆದುಕೊಳ್ಳುವಾಗ ಒಡೆಯನ ಕೊಳಗ ದೊಡ್ಡದಾಗುತ್ತಿತ್ತು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಆ ರೈತರ ಜೊತೆ ನಿಂತರು, ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ರೈತರು ಒಡೆಯನ ಮನೆಯ ಮುಂದೆ ಹೋಗಿ ಹಬ್ಬದ ದಿನ ಒಂದು ಸೇರು ಅಕ್ಕಿ ಹೆಚ್ಚು ದಾನ ಮಾಡಿರೆಂದು ಬೇಡಲಿಲ್ಲ. ಅಳತೆ ಸರಿಮಾಡಿರಿ ಎಂದರು. ಇಂದು ಸೈನಿಕನ ವಿಷಯದಲ್ಲಿ ನಡೆಯುತ್ತಿರುವುದೂ ಎರಡು ಕೊಳಗದ ಮೋಸವೇ. ಸೈನಿಕನಿಂದ ಪ್ರಾಣ ಅಳೆದುಕೊಳ್ಳುವಾಗ ದೊಡ್ಡ ಕೊಳಗ. ಅವನಿಗೆ ಅನ್ನ ಅಳೆದುಕೊಡುವಾಗ ದಾನದ ಚಿಕ್ಕ ಕೊಳಗ.

ಸೈನ್ಯಕ್ಕೆ ಹೋಗುವವರು ಯಾರು? ಬೆಳಗಿನ ಜಾವ ಶಾಲೆಯ ಮೈದಾನದಲ್ಲಿ ಓಡುತ್ತಿರುವವರು ಯಾರ ಮಕ್ಕಳು? ಎರಡು ಎಕರೆ ಖುಷ್ಕಿಯವನ ಮಗ, ಹಮಾಲಿಯ ಮಗ, ಬೀಡಿ ಕಟ್ಟುವವಳ ಮಗ. ಸಮಾಜವಾದಿಗಳು ಯುದ್ಧದ ವಿರೋಧಿಗಳು. ಸಮವಸ್ತ್ರ ತೊಟ್ಟ ರೈತನ ಮಗನ ವಿರೋಧಿಗಳಲ್ಲ. ಆದ್ದರಿಂದಲೇ ನಮ್ಮ ಪಕ್ಷ ಈ ಬೇಡಿಕೆಗಳನ್ನು ಜನರ ಮುಂದಿಡುತ್ತಿದೆ.

ಒಂದು: ಕಡುಬಡತನದ ಸಹಾಯಧನವನ್ನು ದಾನದ ನಿಧಿಯಿಂದ ತೆಗೆದು, ಬಜೆಟ್ಟಿನಿಂದ ಕೊಡುವ ಪಿಂಚಣಿಯಾಗಿ ಕಾನೂನಿನಲ್ಲಿ ಸೇರಿಸಬೇಕು.

ಎರಡು: ನಾಲ್ಕು ವರ್ಷದ ಗುತ್ತಿಗೆಯ ಸೈನಿಕಗಿರಿ ಹೋಗಬೇಕು. ಈಗಾಗಲೇ ಸೇರಿದವರಿಗೆ ಮಾಜಿ ಸೈನಿಕರ ಸ್ಥಾನ, ಸತ್ತವರ ಮನೆಗೆ ಕುಟುಂಬ ಪಿಂಚಣಿ ಸಿಗಬೇಕು.

ಮೂರು: ಕಂಪೆನಿಗಳಿಗೆ ಕೊಟ್ಟ ತೆರಿಗೆಯ ರಿಯಾಯಿತಿಯನ್ನು ಹಿಂದಕ್ಕೆ ಪಡೆಯಬೇಕು. ಸೈನಿಕರ ನಿಧಿಗೆ ಕೊಡುವ ಕಂಪೆನಿಯು ಅದನ್ನು ಜಾಹೀರಾತಿಗೆ ಬಳಸಕೂಡದು. ಶಸ್ತ್ರ ತಯಾರಕರಿಂದ ಒಂದು ಕಾಸನ್ನೂ ತೆಗೆದುಕೊಳ್ಳಕೂಡದು.

ನಾಲ್ಕು: ಕಾವಲು ಕೆಲಸದ ಮಾಜಿ ಸೈನಿಕರಿಗೆ ಎಂಟು ಗಂಟೆಯ ದಿನ, ಕನಿಷ್ಠ ವೇತನ, ಪ್ರಾವಿಡೆಂಟ್ ಫಂಡು ಕೊಡಿಸಬೇಕು.

ಐದು: ರಾಜ್ಯದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಪಾಲಿದೆ. ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಅವರ ಅರ್ಜಿಗಳನ್ನು ಹೊರತೆಗೆದು ತೀರ್ಮಾನಿಸಬೇಕು.

ಡಿಸೆಂಬರ್ 7ರಂದು ಮಕ್ಕಳು ಧ್ವಜ ಕೊಳ್ಳಲಿ. ದೊಡ್ಡವರಾದ ನಾವು ಅಂದು ಮಾಡಬೇಕಾದ ಕೆಲಸ ಇನ್ನೊಂದಿದೆ. ನಿಮ್ಮ ಹಳ್ಳಿಯಲ್ಲಿ ಪಿಂಚಣಿಯಿಲ್ಲದ ಮಾಜಿ ಸೈನಿಕರು, ಅವರ ವಿಧವೆಯರು ಎಷ್ಟು ಮಂದಿ, ಯಾರ ಅರ್ಜಿ ಎಲ್ಲಿ ನಿಂತಿದೆ, ಯಾವ ಮನೆಯ ಹುಡುಗ ಅಗ್ನಿವೀರನಾಗಿ ಹೋಗಿದ್ದಾನೆ ಎಂಬ ಪಟ್ಟಿ ಮಾಡಿ ಪಕ್ಷದ ತಾಲ್ಲೂಕು ಕಚೇರಿಗೆ ಕಳುಹಿಸಿರಿ. ಆ ಪಟ್ಟಿ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಮೆರವಣಿಗೆ ಹೋಗೋಣ. ಮುಂದಿನ ಸಾಲಿನಲ್ಲಿ ಆ ಹೆಸರಿಲ್ಲದ ಸುಬೇದಾರರು ನಡೆಯಲಿ. ಅವರ ಕೈಯಲ್ಲಿ ಯಾರದೋ ಚೆಕ್ಕಿನ ತುದಿ ಬೇಡ; ಬರಬೇಕಾದ ಬಾಕಿಯ ಲೆಕ್ಕವಿರಲಿ.